ಇಳಿಜಾರಿನ ನ್ಯಾಯ

ಮುದ್ದನಗಡದ ಭೂಪಳನಾಯಕನಿಗೆ ಒಂದು ಹೆಮ್ಮೆಯಿತ್ತು. ತನ್ನ ಆಳ್ವಿಕೆಯಲ್ಲಿ ಅರಮನೆಯಿಂದ ಯಾರಿಗೂ ಹಾನಿಯಾಗಿಲ್ಲ ಎಂದು ದಿನವೂ ಹೇಳುತ್ತಿದ್ದ. ಹಾನಿಯಾಗಿದೆ ಎಂದವರ ತಕರಾರನ್ನು ಅವನೇ ವಿಚಾರಿಸಿ, ಆಗಿಲ್ಲವೆಂದು ತೀರ್ಪು ಕೊಡುತ್ತಿದ್ದುದರಿಂದ ಆ ಮಾತು ಸುಳ್ಳಾಗುವ ಸಂಭವವೂ ಇರಲಿಲ್ಲ.

ಆ ವರ್ಷ ಅವನು ಮಧ್ಯಾಹ್ನದ ನಿದ್ದೆಗೆಂದು ಕೆರೆಯಂಗಳದಲ್ಲೇ ಒಂದು ಮಂಟಪ ಕಟ್ಟಿಸಿದ. ಮಳೆಗಾಲ ಬಂತು, ನೀರು ಮಂಟಪದ ಮೆಟ್ಟಿಲೇರಿತು. ತೂಬು ಎತ್ತಿಸಿದ. ಮೆಟ್ಟಿಲು ಒಣಗಿತು. ನೀರು ಏರಿಯ ಕೆಳಗಿನ ನೇಕಾರರ ಬೀದಿಗೆ ನುಗ್ಗಿ ಚೌಡವ್ವನ ಮಗ್ಗದ ಗುಂಡಿಯನ್ನು ತುಂಬಿತು.

ಚೌಡವ್ವ ಆಸ್ಥಾನಕ್ಕೆ ಬಂದಳು. "ಗುಂಡಿ ಕುಸಿದೈತೆ, ನೂಲೆಲ್ಲ ಕೊಳೆತೈತೆ. ಮಗ್ಗ ಎದ್ದರೇನೆ ನನ್ನ ಒಲೆ ಉರಿಯೋದು, ಬುದ್ಧೀ."

"ತೂಬು ಎತ್ತಿದ್ದು ಯಾರು?"

"ನೀರುಗಂಟಿ."

"ನಾನಲ್ಲವಲ್ಲ. ನೀರು ನಿನ್ನ ಮನೆಗೆ ಬಂದದ್ದು ಇಳಿಜಾರಿನಿಂದ. ಇಳಿಜಾರು ಮಾಡಿದ್ದು ದೇವರು. ಅದೂ ಇರಲಿ, ತಗ್ಗಿನಲ್ಲಿ ಮಗ್ಗ ಹೂಡು ಅಂತ ನಿನಗೆ ಯಾರು ಹೇಳಿದರು?"

"ನಿಮ್ಮಪ್ಪಾರು, ಬುದ್ಧೀ. ಜಾಗ ಕೊಟ್ಟೋರೇ ಅವರು."

ಸಭೆಯಲ್ಲಿ ಹಲವರಿಗೆ ಕೆಮ್ಮು ಬಂತು.

"ಅವರು ಈಗಿಲ್ಲ," ಎಂದ ನಾಯಕ. "ತಕರಾರು ವಜಾ."

ಆಸ್ಥಾನಿಕ ಸೋವರಸ ಇದನ್ನೆಲ್ಲ ಕೇಳಿಸಿಕೊಂಡ. ಮೇಲಿನ ಬಿಳಿಗಲ್ಲು ನಾಡಿನ ಕೆರೆಯೂ ತುಂಬಿ ತುಳುಕುತ್ತಿದೆ, ಮುದ್ದನಗಡಕ್ಕೆ ನಷ್ಟವಾದರೆ ತುಂಬಿಕೊಡಬೇಕಾದೀತು ಎಂಬ ಒಂದೇ ಹೆದರಿಕೆಗೆ ಅಲ್ಲಿನ ಕದಿರಪ್ಪನಾಯಕ ತೂಬು ಮುಟ್ಟದೆ ಕೂತಿದ್ದಾನೆ ಎಂಬುದು ಅವನಿಗೆ ಗೊತ್ತಿತ್ತು.

"ಪ್ರಭು, ಇಂಥ ತೀರ್ಪು ನಾಲ್ಕು ಗೋಡೆಯೊಳಗೆ ಉಳಿದರೆ ಲೋಕಕ್ಕೆ ನಷ್ಟ. ಗಡಿಯವರೆಗೂ ಡಂಗುರ ಹೊಡೆಸೋಣವೇ?"

"ಹೊಡೆಸು. ನೆರೆಯವರೂ ನ್ಯಾಯ ಕಲಿಯಲಿ."

ನೆರೆಯವರು ಬೇಗ ಕಲಿತರು. ಡಂಗುರ ಕೇಳಿದ ಕದಿರಪ್ಪನಾಯಕ ನಿಟ್ಟುಸಿರು ಬಿಟ್ಟು ತೂಬು ಎತ್ತಿಸಿದ. ಮುದ್ದನಗಡದ ಕೆರೆ ಮತ್ತೆ ತುಂಬಿತು. ಈ ಸಲ ತೂಬು ಮುಚ್ಚಿದ್ದು, ಏರಿ ತಡೆದುದರಿಂದ ನೇಕಾರರ ಬೀದಿಗೆ ಹನಿಯೂ ಹೋಗಲಿಲ್ಲ. ಭೂಪಳನಾಯಕ ಎಚ್ಚರಗೊಂಡಾಗ ಅವನ ಹಾಸಿಗೆ ತೇಲುತ್ತಿತ್ತು. ಅವನನ್ನು ದಡಕ್ಕೆ ತರುವಷ್ಟರಲ್ಲಿ ಮಂಟಪದ ಎರಡು ಕಂಬ ಕುಸಿದವು.

"ಬಿಳಿಗಲ್ಲಿಗೆ ಹೋಗು, ಸೋವರಸ. ಪರಿಹಾರ ಕೊಡದಿದ್ದರೆ ದಂಡು ಬರುತ್ತದೆ ಅಂತ ಹೇಳು."

ಸೋವರಸ ಹೋಗಿ ಬರಿಗೈಯಲ್ಲಿ ಬಂದ. "ತೂಬು ಎತ್ತಿದ್ದು ಅವರ ನೀರುಗಂಟಿಯಂತೆ, ಪ್ರಭು. ಇಳಿಜಾರು ದೇವರದಂತೆ. ಕೆರೆಯೊಳಗೆ ಮಂಟಪ ಕಟ್ಟು ಅಂತ ತಮಗೆ ಯಾರು ಹೇಳಿದರು ಅಂತ ಕೇಳಿದರು."

"ಯಾವ ಮುಠ್ಠಾಳ ಅವನಿಗೆ ಇಂಥ ನ್ಯಾಯ ಹೇಳಿಕೊಟ್ಟ?"

ಸೋವರಸ ನೆಲ ನೋಡಿದ. "ಆ ಹೆಸರು ನನ್ನ ಬಾಯಲ್ಲಿ ಬರಬಾರದು. ಅವರ ಉಪ್ಪು ತಿಂದಿದ್ದೇನೆ."

ನಾಯಕ ಮೀಸೆ ಸವರಿಕೊಂಡ. "ಹಾಗಾದರೆ ಅವನು ಕೊಡುವುದೇ ಇಲ್ಲವೇ?"

"ಕೊಡುತ್ತಾರೆ. ನಿಮ್ಮ ನಾಡಿನಲ್ಲಿ ಅರಸ ಕೊಡುವ ಪದ್ಧತಿ ಬಂದ ದಿನ ನಾನೂ ಕೊಡುತ್ತೇನೆ ಅಂದರು."

ಮಾರನೆಯ ದಿನವೇ ಎತ್ತರದ ಜಾಗದಲ್ಲಿ ಅರಮನೆಯ ಖರ್ಚಿನಿಂದ ಚೌಡವ್ವನ ಮಗ್ಗ ಎದ್ದಿತು. ಹೊಸ ನೂಲು ಬಂತು, ಮೊದಲ ಸೀರೆ ಇಳಿಯುವವರೆಗೆ ರಾಗಿಯೂ ಬಂತು. ಅವಳು ಗುಂಡಿಗಿಳಿದು ನೋಡಿ, "ಕಿರಿದಾಯ್ತು, ಮೊಣಕಾಲು ಬಡೀತದೆ," ಎಂದಳು. ಮತ್ತೆ ಅಗೆದರು.

ಹೊಸ ಪದ್ಧತಿಯನ್ನೂ ಗಡಿಯವರೆಗೆ ಸಾರಿಸಿದರು. ಕದಿರಪ್ಪನಾಯಕ ಗೊಣಗುತ್ತಲೇ ಕಲ್ಲುಕುಟಿಗರನ್ನೂ ಒಂದು ಹಾಸಿಗೆಯನ್ನೂ ಕಳಿಸಿಕೊಟ್ಟ. ಈ ಸಲ ಮಂಟಪ ದಿಬ್ಬದ ಮೇಲೆ ಎದ್ದಿತು.

ಹೊಸ ಹಾಸಿಗೆಯಲ್ಲಿ ಒರಗಿದ ನಾಯಕನಿಗೆ ಒಂದು ಸಂಶಯ ಉಳಿದಿತ್ತು. "ಅಲ್ಲಯ್ಯಾ ಸೋವರಸ, ಅಂಥ ತೀರ್ಪೇ ಆಗಿಲ್ಲ, ಡಂಗುರದವನು ಕುಡಿದಿದ್ದ ಅಂತ ಅಲ್ಲೇ ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತಲ್ಲ. ಆ ಹೆಂಗಸಿನ ಖರ್ಚಾದರೂ ಉಳಿಯುತ್ತಿತ್ತು."

"ಯೋಚಿಸಿದೆ, ಪ್ರಭು. ಆದರೆ ರಾಯಭಾರಿ ಹೇಳಿದ ಸುಳ್ಳು ಅರಸನದೇ ಸುಳ್ಳು. ಅದರಿಂದ ಎರಡು ನಾಡಿಗೆ ಏನೇ ಹಾನಿಯಾದರೂ ತುಂಬಿಕೊಡಬೇಕಾದವರು ತಾವೇ. ಕೂಡಿ ಕಳೆದು ನೋಡಿದೆ. ಸತ್ಯವೇ ಅಗ್ಗ ಬಿತ್ತು."