ಪೂರ್ತಿ ಕೆಂಡವಾಗುವವರೆಗೆ

ಜಹಗೀರುದಾರ ಇಮಾಮ್ ಸಾಹೇಬರ ಹಜಾರದಲ್ಲಿದ್ದ ಹಳೆಯ ಹುಕ್ಕಾ, ಅಂದರೆ ಗುಡಗುಡಿಗೆ, ಆ ದಿನ ಭಯ ಹಿಡಿದಿತ್ತು. ಹಿಂದಿನ ದಿನ ಅತಿಥಿಯೊಬ್ಬರು ಒಂದೇ ದಮ್ಮಿಗೆ ಕೆಮ್ಮಿ ನಳಿಗೆಯನ್ನು ಕೆಳಗಿಟ್ಟಿದ್ದರು. ಇಂದು ಬೀಗರೂ ಹಾಗೆಯೇ ಮಾಡಿದರೆ ಗುಡಗುಡಿಯನ್ನು ಅಟ್ಟಕ್ಕೆ ಹಾಕುವುದಾಗಿ ಸಾಹೇಬರು ಹೇಳಿದ್ದರು.

ಬೀಗರು ಬಂದು ಕುಳಿತರು. ಗುಡಗುಡಿಯ ತಲೆಯ ಮೇಲಿನ ಚಿಲುಮೆಗೆ ತಂಬಾಕು ತುಂಬಿಯಾಗಿತ್ತು. ಮೇಲಿಡಲು ಕೆಂಡ ಮಾತ್ರ ಬೇಕಿತ್ತು.

“ನನ್ನನ್ನು ಕರೆಯಿರಿ, ಗುಡಗುಡಿಯಮ್ಮ,” ಎಂದಿತು ಬೇಗ ಹೊತ್ತಲೆಂದು ಮದ್ದು ಬೆರೆಸಿ ಒತ್ತಿದ ಇದ್ದಿಲ ಬಿಲ್ಲೆ. “ಒಂದು ಕಡ್ಡಿ ಗೀರಿದರೆ ಸಾಕು. ಆ ಜಾಲಿಮರದ ಇದ್ದಿಲು ಅಗ್ಗಿಷ್ಟಿಕೆಯಲ್ಲಿ ಇನ್ನೂ ಸಿಂಗಾರ ಮುಗಿಸಿಲ್ಲ.”

“ನಿನ್ನೆಯ ಕೆಮ್ಮು ನಿನ್ನ ಮದ್ದಿನದೇ,” ಎಂದ ಗುಡಗುಡಿ ಜಾಲಿಯ ಇದ್ದಿಲಿನತ್ತ ತಿರುಗಿತು. “ಮುಕ್ಕಾಲು ಕೆಂಪಾಗಿದ್ದೀಯಲ್ಲ, ಬಾರಪ್ಪ. ತಡವಾದರೆ ನನ್ನ ಮಾನ ಹೋಗುತ್ತದೆ.”

“ಒಂದು ಮೂಲೆ ಇನ್ನೂ ಕಪ್ಪಾಗಿದೆ. ಅದರ ಹಸಿ ಹೊಗೆ ಬೀಗರ ಗಂಟಲಿಗೆ ಇಳಿಯುತ್ತದೆ. ಈಗ ಬರಲಾರೆ.”

“ಕಾದಷ್ಟೂ ನೀನೇ ಸವೆಯುತ್ತೀಯೆ.”

“ಸವೆಯಲಿ.”

ಬೀಗರು ಎರಡು ಸಲ ಬಾಗಿಲಿನತ್ತ ನೋಡಿದರು. ಇದ್ದಿಲು ಅಲುಗಲಿಲ್ಲ. ಕೊನೆಯ ಕಪ್ಪೂ ಕೆಂಪಾಗಿ, ಮೈಮೇಲೆ ಬೂದಿಯ ತೆಳು ಪದರ ಮೂಡಿದ ಮೇಲೆ ತಾನೇ ಇಕ್ಕಳವನ್ನು ಕರೆದು ಚಿಲುಮೆಯೇರಿತು.

ಬೀಗರು ನಿಧಾನವಾಗಿ ಎಳೆದರು. ಕೆಮ್ಮಲಿಲ್ಲ. ಮತ್ತೊಮ್ಮೆ ಎಳೆದರು. “ಸಾಹೇಬರೆ, ತಂಬಾಕು ಬಹಳ ಸೊಗಸಾಗಿದೆ. ಎಲ್ಲಿಂದ ತರಿಸಿದಿರಿ?” ಎಂದು ಕೇಳಿದರು.

ಗುಡಗುಡಿಗೆ ಅಟ್ಟದ ಭಯ ಹೋಯಿತು, ಆದರೆ ಸಂಕಟವಾಯಿತು. “ನಿನ್ನ ಹೆಸರನ್ನೇ ಎತ್ತಲಿಲ್ಲವಲ್ಲ,” ಎಂದು ಮೆಲ್ಲನೆ ಹೇಳಿತು.

“ಅವರಿಗೆ ತಂಬಾಕಿನ ರುಚಿಯೊಂದೇ ತಿಳಿಯಲೆಂದು ಅಷ್ಟು ಹೊತ್ತು ಉರಿದೆ,” ಎಂದ ಕೆಂಡ ತನ್ನ ಕೆಲಸ ಮುಂದುವರಿಸಿತು.