ಅಳಿವೆಯಲ್ಲಿ ಮಗುಚಿದ ದೋಣಿ

ಹೊಳೆ ಕಡಲು ಸೇರುವ ಅಳಿವೆಯ ಪಕ್ಕದ ಊರಿನಲ್ಲಿ ದಯಾನಂದ ಎಂಬ ಮೀನು ವ್ಯಾಪಾರಿಯಿದ್ದ. ಅವನಿಗೆ ಒಂದು ಹುಚ್ಚು. ಏನು ಕಂಡರೂ ಮೊಬೈಲಿನಲ್ಲಿ ಹಿಡಿಯಬೇಕು. ಎಲೆಯ ಮುಂದೆ ಕೂತರೂ ಸಾರು ತಣ್ಣಗಾದ ಮೇಲೇ ಅವನ ಊಟ.

ಚಳಿಗಾಲದಲ್ಲಿ ಕಡಲು ಸಾಧು. ಆದರೂ ಯಾವಾಗಲಾದರೊಮ್ಮೆ ಅದಕ್ಕೂ ತಲೆ ಕೆಡುತ್ತದೆ. ಆ ವರ್ಷ ಡಿಸೆಂಬರಿನಲ್ಲಿ ಹಾಗೇ ಆಯಿತು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಆಗುವಷ್ಟರಲ್ಲಿ ಬಿರುಗಾಳಿ. ಕಡಲಿಗೆ ಹೋದ ದೋಣಿಗಳೆಲ್ಲ ಎದ್ದೆವೋ ಬಿದ್ದೆವೋ ಎಂದು ವಾಪಸು ಬಂದವು. ದಯಾನಂದನ ತಮ್ಮ ಭೋಜ ಒಬ್ಬನೇ ಹೋಗಿದ್ದ. ಅವನ ದೋಣಿ ಮಾತ್ರ ಬಂದಿರಲಿಲ್ಲ.

ದಯಾನಂದ ಅಳಿವೆಯ ಕಲ್ಲಿನ ದಂಡೆಯ ತುದಿಗೆ ಓಡಿದ. ದೂರದಲ್ಲಿ ದೋಣಿ ಕಂಡಿತು. ಹೋದ ಜೀವ ಬಂದಂತಾಯಿತು. ಕೂಡಲೇ ಮೊಬೈಲ್ ತೆಗೆದ.

"ನನ್ನ ತಮ್ಮ ಹ್ಯಾಂಗ್ ಬತ್ತ ಕಾಣಿ!" ಎಂದು ಕೂಗುತ್ತ ವಿಡಿಯೊ ಶುರುಮಾಡಿದ. ದೋಣಿ ದೊಡ್ಡದಾಗಿ ಕಾಣಲೆಂದು ಜೂಮ್ ಮಾಡಿದ. ಅಷ್ಟರಲ್ಲಿ ದೋಣಿ ಮಗುಚಿತು. ಅದೂ ಚೆನ್ನಾಗಿಯೇ ರೆಕಾರ್ಡ್ ಆಯಿತು.

ಅವನು ಬೊಬ್ಬೆ ಹಾಕುತ್ತ ಬೋಟು ಕಟ್ಟುವ ದಕ್ಕೆಗೆ ಓಡಿ ಜನ ಸೇರಿಸಿದ. ದೊಡ್ಡ ಬೋಟಿನ ಮಾಲೀಕ ಈಶ್ವರ ಖಾರ್ವಿ ಇಂಜಿನ್ ಚಾಲೂ ಮಾಡಿದ. ಅಳಿವೆಯ ಎದುರು ಒಂದು ಬಂಡೆಯಿದೆ. ಆ ಊರಿನವರು ದಿಕ್ಕು ಹೇಳುವುದು ಅದನ್ನು ನೋಡಿಕೊಂಡೇ.

"ಎಲ್ಲ್ ಮಗುಚಿದ್ದ್? ಬಂಡೆಯಿಂದ ತೆಂಕಾ, ಬಡಗಾ?" ಎಂದು ಈಶ್ವರ ಕೇಳಿದ.

ದಯಾನಂದ ವಿಡಿಯೊ ತೋರಿಸಿದ. ಅದರಲ್ಲಿ ದೋಣಿಯಿತ್ತು, ನೀರಿತ್ತು. ಬಂಡೆಯೂ ಇಲ್ಲ, ದಡವೂ ಇಲ್ಲ.

"ಮೊಬೈಲ್ ಆಚೆ ಇಡ್ ಮಾರಾಯಾ. ನೀನ್ ಕಂಡದ್ದ್ ಹೇಳ್."

ದಯಾನಂದ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ನೆನಪಿಗೂ ಬಂದದ್ದು ಆ ಅಂಗೈಯಗಲದ ನೀರೇ. ಕೊನೆಗೆ ಅಂದಾಜಿನ ಮೇಲೆ ಬಡಗು ಎಂದ. ಬೋಟು ಬಡಗು ದಿಕ್ಕಿಗೆ ಹೋಗಿ ಹುಡುಕಿತು.

ಭೋಜ ಇದ್ದದ್ದು ತೆಂಕಿನಲ್ಲಿ. ಖಾಲಿ ಸೀಮೆಎಣ್ಣೆ ಕ್ಯಾನು ತಬ್ಬಿಕೊಂಡು ತೇಲುತ್ತಿದ್ದವನು, ಬೋಟು ತೆಂಕಿಗೆ ತಿರುಗಿದ ಮೇಲೆ, ಹೊತ್ತು ಮುಳುಗುವಾಗ ಸಿಕ್ಕಿದ. ಇನ್ನು ಸ್ವಲ್ಪ ತಡವಾಗಿದ್ದರೆ ಸಿಗುತ್ತಿದ್ದದ್ದು ಹೆಣ.

ದಡದಲ್ಲಿ ಅವನಿಗೆ ಕಂಬಳಿ ಹೊದೆಸಿದರು. ನಡುಕ ನಿಂತ ಮೇಲೆ ಅವನು ಅಣ್ಣನ ಕೈ ಹಿಡಿದುಕೊಂಡ.

"ದಂಡೆ ಮೇಲ್ ನಿನ್ನ ಕಂಡೆ ಅಣ್ಣ. ಕೈ ಎತ್ತಿ ತೋರ್ಸಿದೆ. ಅಣ್ಣ ಕಂಡ, ಇನ್ನ್ ಬದ್ಕಿದೆ ಅಂದ್ಕಂಡೆ. ಆ ಧೈರ್ಯದಲ್ಲೇ ಇಷ್ಟ್ ಹೊತ್ತ್ ಜೀವ ಹಿಡ್ಕಂಡಿದ್ದೆ. ನೀ ಕಂಡಿದ್ಯಲ್ದಾ?"

ದಯಾನಂದನ ಇನ್ನೊಂದು ಕೈ ತಾನಾಗಿಯೇ ಕಿಸೆಗೆ ಹೋಯಿತು.

"ತಡಿ, ವಿಡಿಯೊ ಕಂಡ್ಕಂಡ್ ಹೇಳ್ತೆ" ಎಂದ.

ಭೋಜ ಅಣ್ಣನ ಕೈ ಬಿಟ್ಟು ಮುಖ ಆಚೆ ತಿರುಗಿಸಿದ.

ನೀತಿ: ಫೋಟೋ, ವಿಡಿಯೊ ತೆಗೆಯಲೇಬಾರದು ಎಂದಲ್ಲ. ಆದರೆ ನಮ್ಮವರನ್ನು ಮೊದಲು ಕಣ್ಣಾರೆ ನೋಡಬೇಕು. ಕಣ್ಣಾರೆ ನೋಡದೆ ಬಿಟ್ಟದ್ದು ಮನಸ್ಸಿನಲ್ಲಿ ಉಳಿಯುವುದಿಲ್ಲ. ಬೇಕಾದ ಹೊತ್ತಿಗೆ ಅದನ್ನು ಯಾವ ಮೊಬೈಲೂ ತಂದುಕೊಡುವುದಿಲ್ಲ.