ದಿನವೂ ಹೊರಟ ಅತಿಥಿ

“ಅಯ್ಯನವರೇ, ಎರಡು ತಿಂಗಳು ಆ ದೇಶದಲ್ಲಿದ್ದು ಕೈಲಾದ ಸೇವೆಯನ್ನೆಲ್ಲ ಮಾಡಿದೆ. ಒಂದು ದಿನವೂ ಸುಮ್ಮನೆ ಕೂರಲಿಲ್ಲ. ಆದರೂ ಅವರು ನನ್ನನ್ನು ತಮ್ಮವನೆಂದು ತಿಳಿದರೋ ಇಲ್ಲವೋ ಗೊತ್ತಾಗದೆಯೇ ಬಂದುಬಿಟ್ಟೆ. ತಪ್ಪು ನನ್ನದೋ, ಅವರದೋ?”

ಬೇಸಿಗೆಯ ಸುವಾರ್ತಾ ಸೇವೆಗೆ ಹೋಗಿ ಆಗಷ್ಟೇ ಮರಳಿದ್ದ ಫಿಲೆಮೋನ ಎಂಬ ಶಿಷ್ಯ ಹೀಗೆ ಕೇಳಿದ. ಅಯ್ಯನವರು ಮೂವತ್ತು ವರ್ಷ ಕ್ರೈಸ್ತ ಸಭೆಗಳಿಗೆ ಪಾದ್ರಿಯಾಗಿದ್ದು, ಈಗ ಪಾದ್ರಿಗಳಾಗುವವರಿಗೆ ವೇದಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮುದುಕರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟು ಅವರಿಗೆ ಅಭ್ಯಾಸವಿರಲಿಲ್ಲ.

“ತಪ್ಪನ್ನು ಆಮೇಲೆ ಹಂಚಿಕೊಳ್ಳೋಣ. ಮೊದಲು ಇದನ್ನು ಕೇಳು” ಎಂದು ಅವರು ಹೇಳತೊಡಗಿದರು.

ಒಬ್ಬ ಸೇವಕನಿದ್ದ. ಮಿಷನ್ ಬೋರ್ಡಿಂಗಿನಲ್ಲಿ ಬೆಳೆದವನು. ಆ ಬೋರ್ಡಿಂಗಿನಲ್ಲಿ ಒಂದು ನಿಯಮವಿತ್ತು. ಬೆಳಿಗ್ಗೆ ಎದ್ದವನು ಚಾಪೆ ಸುತ್ತಿಟ್ಟು, ತಾನು ಮಲಗಿದ ಜಾಗವನ್ನು ತಾನೇ ಗುಡಿಸಬೇಕು. ಪ್ರಾರ್ಥನೆ ಆಮೇಲೆ. ಗುಡಿಸದವನಿಗೆ ಗಂಜಿಯಿಲ್ಲ. ಹತ್ತು ವರ್ಷ ಹೀಗೆ ನಡೆದ ಮೇಲೆ ಅವನಿಗೆ ಕಸಬರಿಗೆ ಬೇರೆ, ಭಕ್ತಿ ಬೇರೆ ಎಂಬುದೇ ಮರೆತುಹೋಯಿತು.

ಒಂದು ಬೇಸಿಗೆಯಲ್ಲಿ ಸಭೆಯವರು ಅವನನ್ನು ಒಂದು ತಂಡದ ಜೊತೆ ಪರದೇಶಕ್ಕೆ ಕಳಿಸಿದರು. ಅಲ್ಲಿಯ ಗುಡ್ಡನಾಡಿನಲ್ಲಿ ಒಂದು ಹಳೆಯ ಕ್ರೈಸ್ತ ದೇವಾಲಯವನ್ನು ದುರಸ್ತಿ ಮಾಡಿ ಬಣ್ಣ ಬಳಿಯುವುದು, ಜನರ ಕಷ್ಟಸುಖ ಕೇಳಿ ಅವರಿಗಾಗಿ ಪ್ರಾರ್ಥಿಸುವುದು ತಂಡದ ಕೆಲಸ. ಉಳಿದವರೆಲ್ಲ ದೇವಾಲಯದ ಪಕ್ಕದ ಸಭಾಂಗಣದಲ್ಲಿ ಇಳಿದುಕೊಂಡರು. ನಮ್ಮ ಸೇವಕ ಮಾತ್ರ, “ನಾನು ಜನರ ನಡುವೆಯೇ ಇರುತ್ತೇನೆ” ಎಂದ. ಸರಿ, ಹಳ್ಳದಾಚೆಯ ಸಣ್ಣ ಹಳ್ಳಿಯಲ್ಲಿ ಒಬ್ಬ ವಿಧವೆಯ ಮನೆಗೆ ಅವನನ್ನು ಸೇರಿಸಿದರು. ಮನೆಯಲ್ಲಿ ಇದ್ದದ್ದೇ ಎರಡು ಕೋಣೆ. ಒಂದನ್ನು ಅವಳು ಅವನಿಗೆ ಬಿಟ್ಟುಕೊಟ್ಟು, ತಾನು ತನ್ನ ಆಡುಗಳ ಜೊತೆ ಇನ್ನೊಂದರಲ್ಲಿ ಮಲಗಿದಳು.

ಅವನಿಗೆ ಆ ಭಾಷೆಯ ನಲವತ್ತು ಮಾತು ಬರುತ್ತಿತ್ತು. ನೀರು, ರೊಟ್ಟಿ, ಸಮಾಧಾನ, ವಂದನೆ, ಇಂಥವು. ಅಷ್ಟು ಮಾತಿನಲ್ಲೇ ಲೋಕವನ್ನೇ ಗೆಲ್ಲಬಹುದೆಂದು ಆ ವಯಸ್ಸಿನಲ್ಲಿ ಯಾರಿಗಾದರೂ ಅನ್ನಿಸುತ್ತದೆ.

ಮೊದಲ ಬೆಳಿಗ್ಗೆ ಅವನು ಎದ್ದು, ಮೂಲೆಯಲ್ಲಿದ್ದ ಕಸಬರಿಗೆ ಹುಡುಕಿ, ತನ್ನ ಕೋಣೆಯನ್ನು ಗುಡಿಸಿದ. ವಿಧವೆ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಮುಖ ಸಣ್ಣದಾಯಿತು. ಹೊರಗೆ ಹೋಗಿ ಒಂದು ಕೋಳಿ ಹಿಡಿದು ಕೊಯ್ದಳು. ಅಡುಗೆಯಾಗುವ ಹೊತ್ತಿಗೆ ನೆರೆಹೊರೆಯವರೆಲ್ಲ ಬಂದು ಕೂತಿದ್ದರು. ಅವನಿಗೆ ಉಣಬಡಿಸಿದರು. ರೊಟ್ಟಿಯ ಬುತ್ತಿ ಕಟ್ಟಿಕೊಟ್ಟರು. ಊರಿನ ಹಿರಿಯ ಅವನ ತಲೆಯ ಮೇಲೆ ಕೈಯಿಟ್ಟು ಏನೋ ಹೇಳಿದ. ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಎಲ್ಲರೂ ಅವನ ಜೊತೆ ಹಳ್ಳದ ತನಕ ನಡೆದು ಬಂದರು. ವಿಧವೆಯೂ ಕುಂಟುತ್ತ ಬಂದಳು.

ಅವನು ಹಳ್ಳ ದಾಟಿ ದೇವಾಲಯಕ್ಕೆ ಹೋದ. ಗೋಡೆ ಕೆರೆದ, ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡ, ಸಂಜೆ ಮನೆಗೆ ಬಂದ.

ಅವನನ್ನು ಕಂಡು ವಿಧವೆ ಹೌಹಾರಿದಳು. ಕೂಗಿ ನೆರೆಯವರನ್ನು ಕರೆದಳು. ಎಲ್ಲರೂ ಅವನ ಕೋಣೆಗೆ ನುಗ್ಗಿ ಹಾಸಿಗೆ ಎತ್ತಿ ನೋಡಿದರು, ಕಂಬಳಿ ಕೊಡವಿದರು, ಮೂಲೆಮೂಲೆಯಲ್ಲಿ ಮಂಡಿಯೂರಿ ತಡಕಿದರು. ಇದು ಮಲಗುವ ಮೊದಲು ಕೋಣೆಯನ್ನು ಆಶೀರ್ವದಿಸುವ ಪದ್ಧತಿಯೆಂದು ಅವನು ತಿಳಿದ. ತಾನೂ ಮಂಡಿಯೂರಿದ. ಆಮೇನ್ ಎಂದ.

ಮಾರನೆಯ ಬೆಳಿಗ್ಗೆಯೂ ಗುಡಿಸಿದ. ಮತ್ತೆ ಕೋಳಿ, ಮತ್ತೆ ಬುತ್ತಿ, ಮತ್ತೆ ಕಣ್ಣೀರು. ಸಂಜೆ ಮತ್ತೆ ಹುಡುಕಾಟ.

ಹೀಗೆ ಮೂರು ವಾರ ನಡೆಯಿತು. ವಿಧವೆಯ ಕೋಳಿಗಳು ಮುಗಿದವು. ನೆರೆಯವರು ಸರದಿಯ ಮೇಲೆ ತಮ್ಮ ಕೋಳಿ ತಂದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅವನು ಬೇಡವೆಂದು ಕೈಯಾಡಿಸಿದರೆ ಇನ್ನೊಂದು ತುಂಡು ಹೆಚ್ಚಿಗೆ ಬಡಿಸಿದರು. ಅವನು ತನ್ನ ಸಭೆಗೆ ಕಾಗದ ಬರೆದ: “ಇವರು ಬಡವರು, ಆದರೆ ಇವರ ಪ್ರೀತಿಯನ್ನು ಏನೆಂದು ಹೇಳಲಿ. ದಿನ ಬೆಳಗಾದರೆ ಊರಿಗೆ ಊರೇ ನನ್ನನ್ನು ಕೆಲಸಕ್ಕೆ ಕಳಿಸಲು ಬರುತ್ತದೆ.” ಆ ಕಾಗದವನ್ನು ಭಾನುವಾರ ಸಭೆಯಲ್ಲಿ ಓದಿದರು. ಎಲ್ಲರಿಗೂ ಸಂತೋಷವಾಯಿತು.

ಆದರೆ ಬರೆದವನಿಗೆ ಸಂತೋಷವಿರಲಿಲ್ಲ. ಏಕೆಂದರೆ ಇಷ್ಟೆಲ್ಲ ಪ್ರೀತಿ ತೋರಿದವರು ಅವನ ಜೊತೆ ಒಂದು ಮಾತೂ ಆಡುತ್ತಿರಲಿಲ್ಲ. ಜನರ ಕಷ್ಟ ಕೇಳಿ ಪ್ರಾರ್ಥಿಸಲು ಬಂದವನು ಅವನು. ಯಾರೂ ಒಂದು ಕಷ್ಟವನ್ನೂ ಹೇಳಲಿಲ್ಲ. ನೀರಿನ ಕೊಡ ಎಲ್ಲಿದೆ ಎಂದು ತೋರಿಸಲಿಲ್ಲ, ತಮ್ಮ ಮಕ್ಕಳ ಹೆಸರು ಹೇಳಲಿಲ್ಲ. ವಿಧವೆ ದಿನದಿಂದ ದಿನಕ್ಕೆ ಹೆಚ್ಚು ಕುಂಟುತ್ತಿದ್ದಳು. ಅವನು ಅವಳ ಕಾಲು ತೋರಿಸಿ ಏನೆಂದು ಸನ್ನೆಯಲ್ಲಿ ಕೇಳಿದ. ಅವಳು ಲಂಗವನ್ನು ಪಾದದ ಮೇಲೆ ಎಳೆದುಕೊಂಡು ನಕ್ಕಳು. ಅವನು ಆ ಕಾಲಿಗಾಗಿ ಪ್ರಾರ್ಥನೆ ಮಾಡಿದ. ಮಾರನೆಯ ದಿನ ಇನ್ನೂ ಶ್ರದ್ಧೆಯಿಂದ ಕೋಣೆ ಗುಡಿಸಿದ.

ತಲೆ ಕೆಟ್ಟುಹೋಯಿತು ಅವನಿಗೆ. ಇವರಿಗೆ ನಾನು ಬೇಕೋ ಬೇಡವೋ? ಬೇಡವಾದರೆ ಈ ಅಳು ಏಕೆ? ಬೇಕಾದರೆ ಈ ಮೌನ ಏಕೆ? ಎಲ್ಲ ತನ್ನ ಸೇವೆ ಸಾಲದ್ದಕ್ಕೆ ಎಂದುಕೊಂಡು ಅಂಗಳವನ್ನೂ ಸೇರಿಸಿ ಗುಡಿಸಿದ. ಆ ದಿನ ಎರಡು ಕೋಳಿ ಕೊಯ್ದರು.

ನಾಲ್ಕನೆಯ ವಾರ ಅವನಿಗೆ ಜ್ವರ ಬಂತು. ಬೆಳಿಗ್ಗೆ ಏಳಲಾಗಲಿಲ್ಲ. ಕಸಬರಿಗೆ ಮೂಲೆಯಲ್ಲೇ ಉಳಿಯಿತು.

ಅಂದು ಕೋಳಿಯೂ ಇಲ್ಲ, ಬುತ್ತಿಯೂ ಇಲ್ಲ. ವಿಧವೆ ಬಂದು ಕಸ ಬಿದ್ದಿದ್ದ ನೆಲವನ್ನೊಮ್ಮೆ ನೋಡಿದಳು. ಒಲೆಯ ಮೇಲಿದ್ದ ಗಂಜಿ ತಂದಳು. ಅವನ ಹಾಸಿಗೆಯ ಪಕ್ಕದಲ್ಲಿ ಕೂತಳು. ಲಂಗವನ್ನು ಸರಿಸಿ ಹಿಮ್ಮಡಿಯನ್ನು ತೋರಿಸಿದಳು. ಅಲ್ಲಿ ಕೀವು ತುಂಬಿದ ದೊಡ್ಡ ಹುಣ್ಣಿತ್ತು. ಅದನ್ನು ತೋರಿಸುತ್ತ ಅವಳು ಬಹಳ ಹೊತ್ತು ಏನೇನೋ ಹೇಳಿದಳು. ಅವಳ ಹಿಂದೆ ನೆರೆಯವರು ಬಂದರು. ಒಬ್ಬಳು ಮಗುವನ್ನು ಅವನ ಮಡಿಲಿಗೆ ಹಾಕಿ ಅದರ ಹೆಸರು ಹೇಳಿದಳು. ಒಬ್ಬ ತನ್ನ ಎದೆ ಮುಟ್ಟಿಕೊಂಡು ಕೆಮ್ಮಿ ತೋರಿಸಿದ. ಊರಿನ ಹಿರಿಯ ಗೋಡೆಗೊರಗಿ ಕೂತು ತನ್ನ ಕತೆ ಶುರುಮಾಡಿದವನು ಮಧ್ಯಾಹ್ನವಾದರೂ ಮುಗಿಸಲಿಲ್ಲ.

ಆ ಊರಿನ ಶಾಲಾ ಮಾಸ್ತರು ರಜೆಗೆ ತನ್ನ ಊರಿಗೆ ಹೋಗಿದ್ದವನು ಅಂದೇ ಮರಳಿ ಬಂದ. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ಸೇವಕ ಅವನ ಕೈ ಹಿಡಿದುಕೊಂಡ.

“ಮಾಸ್ತರೇ, ಇಷ್ಟು ದಿನ ದುಡಿದೆ, ಯಾರೂ ಬಾಯಿ ಬಿಡಲಿಲ್ಲ. ಇಂದು ಏನೂ ಮಾಡದೆ ಬಿದ್ದಿದ್ದೇನೆ, ಊರೇ ಬಂದು ಮಾತಾಡುತ್ತಿದೆ. ನನಗೆ ಏನೂ ಅರ್ಥವಾಗುತ್ತಿಲ್ಲ.”

“ಇಂದು ನೀವು ಗುಡಿಸಲಿಲ್ಲವಲ್ಲ” ಎಂದ ಮಾಸ್ತರು. “ನಮ್ಮಲ್ಲಿ ಅತಿಥಿ ತಾನು ಮಲಗಿದ ಜಾಗ ಗುಡಿಸುವುದು ಹೊರಡುವ ದಿನ ಮಾತ್ರ. ನೀವು ದಿನವೂ ಹೊರಟಿರಿ, ಇವರು ದಿನವೂ ಬೀಳ್ಕೊಟ್ಟರು. ಹೊರಟವನು ಸಂಜೆ ತಿರುಗಿ ಬಂದರೆ ಏನೋ ಮರೆತಿದ್ದಾನೆ ಎಂದಲ್ಲವೆ? ಅದಕ್ಕೆ ಹುಡುಕಿದರು. ಹೊರಟವನ ಹೆಗಲ ಮೇಲೆ ತಮ್ಮ ಕಷ್ಟ ಹೇರಬಾರದು, ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದರು. ಇವನೇಕೆ ಹೀಗೆ ಎಂದು ಇವರಿಗೂ ತಿಳಿಯಲಿಲ್ಲ. ಒಂದು ದಿನ ನಾವು ಬೀಳ್ಕೊಡದೆ ಬಿಟ್ಟು, ಅಂದೇ ಇವನು ನಿಜವಾಗಿ ಹೋಗಿಬಿಟ್ಟರೆ ಊರಿನ ಮಾನ ಹೋಗುತ್ತದೆ ಎಂದು ಹಿರಿಯ ಹೇಳಿದನಂತೆ.”

ಸೇವಕ ವಿಧವೆಯ ಕಾಲನ್ನು ನೋಡಿದ. ಆ ಕಾಲಲ್ಲಿ ಅವಳು ಮೂರು ವಾರ ಹಳ್ಳದ ತನಕ ನಡೆದಿದ್ದಳು. ಅವನ ತಂಡದಲ್ಲಿ ಒಬ್ಬ ನರ್ಸ್ ಇದ್ದಳು. ಅವನು ದಿನವೂ ಅವಳ ಪಕ್ಕದಲ್ಲೇ ನಿಂತು ಗೋಡೆಗೆ ಬಣ್ಣ ಬಳಿಯುತ್ತಿದ್ದ. ಇದನ್ನು ನೆನೆದು ಅವನು ಅತ್ತ. ಅಳಬೇಕಾದದ್ದೇ.

ನರ್ಸನ್ನು ಕರೆಸಿದರು. ಅವಳು ಹುಣ್ಣು ತೊಳೆದು ಪಟ್ಟಿ ಕಟ್ಟಿದಳು. “ಇನ್ನೊಂದು ವಾರ ಕಳೆದಿದ್ದರೆ ಕಾಲೇ ಹೋಗುತ್ತಿತ್ತು. ಎರಡು ತಿಂಗಳು ಈ ಪಾದವನ್ನು ನೆಲಕ್ಕೆ ಊರಬಾರದು” ಎಂದಳು.

ಅಂದಿನಿಂದ ಸೇವಕ ಕಸಬರಿಗೆ ಮುಟ್ಟಲಿಲ್ಲ. ವಿಧವೆ ಕೂತಲ್ಲಿಂದ ಹೇಳಿದ ಕೆಲಸ ಮಾಡಿದ. ನೀರು ತಂದ, ಆಡುಗಳಿಗೆ ಸೊಪ್ಪು ಕಡಿದ, ರೊಟ್ಟಿ ಸುಡಲು ಹೋಗಿ ಕೈ ಸುಟ್ಟುಕೊಂಡ. ಅವಳು ಅವನನ್ನು ಬೈಯತೊಡಗಿದಳು. ಬೈಗುಳದಿಂದಲೇ ಅವನ ನಲವತ್ತು ಮಾತು ನಾನೂರಾಯಿತು. ಬೈಯಿಸಿಕೊಂಡಾಗ ಅವನಿಗೆ ಆದ ಸಂತೋಷ ಆ ಬೀಳ್ಕೊಡುಗೆಯ ಊಟಗಳಲ್ಲಿ ಒಂದು ದಿನವೂ ಆಗಿರಲಿಲ್ಲ. ಅವಳು ಅವನನ್ನು ಮಗಾ ಎಂದು ಕರೆದಳು. ಅವಳಿಗೆ ಬೇರೆ ಮಕ್ಕಳಿರಲಿಲ್ಲ.

ಬೇಸಿಗೆ ಮುಗಿಯಿತು. ನಾಳೆ ಹೊರಡಬೇಕು. ಈಗ ಅವನಿಗೆ ಹೊಸ ಗೊಂದಲ ಹಿಡಿಯಿತು. ಕೋಣೆ ಗುಡಿಸಿದರೆ ಅವಳು ಕುಂಟಿಕೊಂಡಾದರೂ ಹಳ್ಳದ ತನಕ ಬಂದೇ ಬರುತ್ತಾಳೆ. ಯಾರು ಹೇಳಿದರೂ ಕೇಳುವವಳಲ್ಲ. ಕಾಲು ಇನ್ನೂ ಮಾಯ್ದಿಲ್ಲ. ಅವನು ಮಾಸ್ತರನ ಹತ್ತಿರ ಹೋಗಿ, “ಗುಡಿಸದೆ ಹೋದರೆ ಏನಾಗುತ್ತದೆ?” ಎಂದು ಕೇಳಿದ.

ಮಾಸ್ತರು ಹೇಳಿದ: “ಗುಡಿಸದೆ ಹೋದವನು ಮರಳಿ ಬರುತ್ತಾನೆ ಎಂದು ಅರ್ಥ. ಬರುವ ತನಕ ಆ ಹಾಸಿಗೆ ಎತ್ತುವುದಿಲ್ಲ. ಆ ಕೋಣೆಯಲ್ಲಿ ಇನ್ನೊಬ್ಬರು ಮಲಗುವುದಿಲ್ಲ. ಮನೆಯವರೂ ಅಷ್ಟೆ.”

ಅತ್ತ ದರಿ, ಇತ್ತ ಪುಲಿ. ಸೇವಕ ಬಹಳ ಯೋಚಿಸಿದ. ಸುಳ್ಳು ಹೇಳುವವನಲ್ಲ ಅವನು. ಮರಳಿ ಬಂದರೆ ಇದು ಸುಳ್ಳಾಗುವುದಿಲ್ಲವಲ್ಲ ಎಂದುಕೊಂಡ. ಬಂದೇ ಬರುತ್ತೇನೆ ಎಂದು ದೇವರ ಮುಂದೆ ನಿಶ್ಚಯಿಸಿಕೊಂಡ. ಆ ನಿಶ್ಚಯದಲ್ಲಿ ಕಪಟವಿರಲಿಲ್ಲ ಎಂಬುದನ್ನು ನಾನು ಬಲ್ಲೆ.

ಬೆಳಿಗ್ಗೆ ಹಾಸಿಗೆಯನ್ನು ಹಾಗೇ ಬಿಟ್ಟು ಚೀಲ ಹೆಗಲಿಗೇರಿಸಿ ಹೊರಗೆ ಬಂದ. ವಿಧವೆ ಕೋಣೆಯೊಳಗೆ ಇಣುಕಿ ನೋಡಿದಳು. ಮುಖ ಅರಳಿತು. ಅವಳು ಕೋಳಿ ಕೊಯ್ಯಲಿಲ್ಲ, ನೆರೆಯವರನ್ನು ಕರೆಯಲಿಲ್ಲ, ಅಳಲಿಲ್ಲ. ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಸಂತೆಗೆ ಹೊರಟ ಮಗನಿಗೆ ಹೇಳುವಂತೆ, “ಬರುವಾಗ ಉಪ್ಪು ತಾ, ಮಗಾ” ಎಂದಳು.

“ತರುತ್ತೇನೆ, ಅಮ್ಮ” ಎಂದು ಅವನು ಹಳ್ಳ ದಾಟಿದ.

ಅಯ್ಯನವರು ಇಷ್ಟು ಹೇಳಿ ಕನ್ನಡಕ ತೆಗೆದು ಒರೆಸತೊಡಗಿದರು. ಕತೆ ಮುಗಿಯಿತೋ ಇಲ್ಲವೋ ಫಿಲೆಮೋನನಿಗೆ ತಿಳಿಯಲಿಲ್ಲ. ಕೊನೆಗೆ ಅವನೇ ಕೇಳಿದ:

“ಅವನು ಮರಳಿ ಹೋದನೆ, ಅಯ್ಯನವರೇ?”

“ಮುಂದಿನ ಬೇಸಿಗೆಯಲ್ಲಿ ಅವನು ಬೇರೊಂದು ದೇಶಕ್ಕೆ ಸೇವೆಗೆ ಹೋದ” ಎಂದರು ಅಯ್ಯನವರು.